ಮನೆಯ ರೇಡಾನ್ ಅಳೆಯುವ ಕೆಂಪು ಫಿಲ್ಮ್

ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸಿ ಗ್ರಾನೈಟ್ ನೆಲ ಹಾಕಿಸಿದವರಲ್ಲಿ ಕೆಲವರಿಗೆ ಈಚೆಗೆ ರೇಡಾನ್ ಚಿಂತೆ ಹತ್ತಿದೆ. ರೇಡಾನ್ ಅಂದರೆ ಕಲ್ಲು, ಮಣ್ಣಿನಲ್ಲಿರುವ ಯುರೇನಿಯಂನಿಂದ ಹುಟ್ಟುವ ವಿಕಿರಣಶೀಲ ಅನಿಲ, ಹೆಚ್ಚು ಕಾಲ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯವಿದೆ. ಆನ್‌ಲೈನ್‌ನಲ್ಲಿ ವಿಕಿರಣ ಎಣಿಸುವ ಗೈಗರ್ ಕೌಂಟರ್ ತರಿಸಿ ನೆಲದ ಮೇಲಿಡುತ್ತಾರೆ. ಅದು ನಿಮಿಷಕ್ಕೆ 25 ಸಲ ಟಿಕ್ ಅನ್ನುತ್ತದೆ. ಆ ಟಿಕ್‌ಗಳೆಲ್ಲ ಬಹುಮಟ್ಟಿಗೆ ಕಲ್ಲು, ಮಣ್ಣಿನಿಂದ ಬರುವ ಗಾಮಾ ಕಿರಣ ಮತ್ತು ಆಕಾಶದಿಂದಿಳಿಯುವ ಕಾಸ್ಮಿಕ್ ಕಿರಣಗಳವು. ಉಸಿರಾಡುವ ಗಾಳಿಯಲ್ಲಿ ರೇಡಾನ್ ಎಷ್ಟಿದೆ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ.

ಕಾರಣಕ್ಕೆ ಸಣ್ಣ ಲೆಕ್ಕ ಸಾಕು. ಗಾಳಿಯಲ್ಲಿ ಘನಮೀಟರಿಗೆ 50 ಬೆಕೆರೆಲ್ ರೇಡಾನ್ ಇದೆ ಅನ್ನಿ. ಅಂದರೆ ಒಂದು ಘನಮೀಟರಿನಲ್ಲಿ ಸೆಕೆಂಡಿಗೆ 50 ಪರಮಾಣುಗಳು ಒಡೆಯುತ್ತವೆ. ಕೌಂಟರಿನೊಳಗಿನ ಎಣಿಸುವ ಟ್ಯೂಬಿನ ಪಕ್ಕದ 50 ಘನ ಸೆಂಟಿಮೀಟರ್ ಗಾಳಿಯಲ್ಲಿ ಒಡೆಯುವುದು ಸುಮಾರು ಏಳು ನಿಮಿಷಕ್ಕೆ ಒಂದು. ಒಡೆಯುವಾಗ ಅದು ಚಿಮ್ಮಿಸುವ ಆಲ್ಫಾ ಕಣ ಟ್ಯೂಬಿನ ಸ್ಟೀಲ್ ಗೋಡೆ ದಾಟುವುದೇ ಇಲ್ಲ. ತೆಳು ಅಭ್ರಕದ ಕಿಟಕಿಯಿರುವ ದುಬಾರಿ ಟ್ಯೂಬಾದರೂ ಅಷ್ಟೇ, ಆ ಒಂದು ಎಣಿಕೆ ಉಳಿದ ನೂರಾರರಲ್ಲಿ ಕಳೆದುಹೋಗುತ್ತದೆ. ಮೇಲಾಗಿ ರೇಡಾನ್ ಗಂಟೆಗಂಟೆಗೂ ಬದಲಾಗುತ್ತದೆ. ಕಿಟಕಿ ಮುಚ್ಚಿದ ಚಳಿಯ ಬೆಳಗಿನ ಜಾವ ಹೆಚ್ಚು, ಮಧ್ಯಾಹ್ನ ಕಡಿಮೆ. ಬೇಕಾದದ್ದು ತಿಂಗಳುಗಳ ಸರಾಸರಿ, ಅದನ್ನು ಕೊಡಬಲ್ಲದ್ದು ಕರೆಂಟು, ಬ್ಯಾಟರಿ ಯಾವುದೂ ಬೇಡದ ಒಂದು ಪ್ಲಾಸ್ಟಿಕ್ ತುಂಡು.

ಈ ಉಪಾಯ ಹುಟ್ಟಿದ್ದು ಹೀಗೆ. 1958ರಲ್ಲಿ ಇಂಗ್ಲೆಂಡಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಡಿ. ಎ. ಯಂಗ್ ಎಂಬವರು ಯುರೇನಿಯಂ ವಿದಳನದ ಚೂರುಗಳು ಬಡಿದ ಲಿಥಿಯಂ ಫ್ಲೋರೈಡ್ ಹರಳನ್ನು ರಾಸಾಯನಿಕದಲ್ಲಿ ಅದ್ದಿದಾಗ, ಚೂರು ಹೊಕ್ಕ ಜಾಗಗಳಲ್ಲಿ ಕುಳಿಗಳು ಎದ್ದವು. ಮರುವರ್ಷ ಸಿಲ್ಕ್ ಮತ್ತು ಬಾರ್ನ್ಸ್ ಅಭ್ರಕದಲ್ಲಿ ಅಂಥ ಜಾಡುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೇರವಾಗಿ ಕಂಡರು. ಅದನ್ನು ಒಂದು ತಂತ್ರವಾಗಿ ಬೆಳೆಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಫ್ಲೈಷರ್, ಪ್ರೈಸ್ ಮತ್ತು ವಾಕರ್. ಚಂದ್ರನಿಂದ ಮರಳಿದ ಅಪೋಲೊ ಯಾತ್ರಿಗಳ ಹೆಲ್ಮೆಟ್‌ಗಳಲ್ಲೂ ಕಾಸ್ಮಿಕ್ ಕಿರಣದ ಕುಳಿಗಳನ್ನು ಹುಡುಕಿದರು. ಕನ್ನಡಕದ ಮಸೂರಕ್ಕೆ ಬಳಸುವ ಸಿಆರ್ 39 ಪ್ಲಾಸ್ಟಿಕ್ ಈ ಕೆಲಸಕ್ಕೆ ಬಂದದ್ದು 1978ರಲ್ಲಿ.

ನಮ್ಮ ದೇಶದಲ್ಲಿ ಮನೆಗಳ ರೇಡಾನ್ ಅಳೆಯಲು ಹೆಚ್ಚಾಗಿ ಬಳಸಿರುವುದು ಎಲ್‌ಆರ್ 115 ಫಿಲ್ಮ್. ನೂರು ಮೈಕ್ರಾನ್ ಪಾಲಿಯೆಸ್ಟರ್ ಹಾಳೆಯ ಮೇಲೆ 12 ಮೈಕ್ರಾನ್ ದಪ್ಪದ ಕೆಂಪು ಸೆಲ್ಯುಲೋಸ್ ನೈಟ್ರೇಟ್ ಪದರ. ಆಲ್ಫಾ ಕಣ ಒಳಹೊಕ್ಕ ದಾರಿಯಲ್ಲಿ ಈ ಪದರದ ಅಣುಸರಪಳಿಗಳು ಕಡಿದುಹೋಗುತ್ತವೆ. ಬೀಟಾ, ಗಾಮಾ ಎಷ್ಟು ಬಂದರೂ ಗುರುತು ಬೀಳುವುದಿಲ್ಲ, ಹಾಗಾಗಿ ಗ್ರಾನೈಟಿನ ಗಾಮಾ ಇಲ್ಲಿ ಲೆಕ್ಕಕ್ಕಿಲ್ಲ.

ಮುಷ್ಟಿಗಾತ್ರದ ಪ್ಲಾಸ್ಟಿಕ್ ಡಬ್ಬಿಯೊಳಗೆ ಫಿಲ್ಮ್ ತುಂಡನ್ನು ಕೆಂಪು ಮುಖ ಒಳಗಿನ ಗಾಳಿಗೆ ಕಾಣುವಂತೆ ಅಂಟಿಸಬೇಕು. ತಿರುವುಮುರುವಾದರೆ ಮೂರು ತಿಂಗಳು ವ್ಯರ್ಥ, ಏಕೆಂದರೆ ಆಲ್ಫಾ ಕಣ ಪಾಲಿಯೆಸ್ಟರ್ ಹಾಳೆಯಲ್ಲೇ ನಿಲ್ಲುತ್ತದೆ. ಬಾಯಿಗೆ ಗ್ಲಾಸ್‌ಫೈಬರ್ ಫಿಲ್ಟರ್ ಕಾಗದ. ಅದು ಅನಿಲವನ್ನು ಬಿಟ್ಟುಕೊಂಡು, ಧೂಳನ್ನೂ ಗಾಳಿಯಲ್ಲಿ ತೇಲುವ ಪೊಲೋನಿಯಂನಂಥ, ರೇಡಾನ್ ಒಡೆದು ಹುಟ್ಟುವ ಮರಿ ಪರಮಾಣುಗಳನ್ನೂ ಹೊರಗಿಡುತ್ತದೆ. ಡಬ್ಬಿಯನ್ನು ಮಲಗುವ ಕೋಣೆಯಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಗೋಡೆಯಿಂದ ಒಂದಡಿ ದೂರ ತೂಗುಹಾಕಿ. ಗೋಡೆಗೆ ತಾಗಿಸಿದರೆ ಥೋರಾನ್ ಸೇರಿಕೊಳ್ಳುತ್ತದೆ. ಅದು ಥೋರಿಯಂನಿಂದ ಹುಟ್ಟುವ ರೇಡಾನಿನ ಸೋದರ. ಅರ್ಧಾಯು, ಅಂದರೆ ಅರ್ಧದಷ್ಟು ಪರಮಾಣುಗಳು ಒಡೆಯಲು ಬೇಕಾದ ಸಮಯ, 56 ಸೆಕೆಂಡ್ ಮಾತ್ರ, ಹಾಗಾಗಿ ಗೋಡೆ ಬಿಟ್ಟು ಹೆಚ್ಚು ದೂರ ಬರದು. ರೇಡಾನಿನದು 3.8 ದಿನ, ಇಡೀ ಕೋಣೆ ತುಂಬುತ್ತದೆ. ಮಂಡ್ಯ ಕಡೆಯ ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಈ ಒಂದಡಿಯ ನಿಯಮ ಇನ್ನೂ ಮುಖ್ಯ. ಬಿಸಿಲು ಬೀಳುವ ಕಿಟಕಿ, ಕಾದ ಶೀಟಿನ ಕೆಳಗಿನ ಜಂತಿ ಬೇಡ, ಹೆಚ್ಚು ಶಾಖಕ್ಕೆ ಜಾಡು ಮಾಸುತ್ತದೆ. 90 ದಿನ ಅಲ್ಲೇ ಇರಲಿ.

ಕೈಕೊಡುವುದು ಹೆಚ್ಚಾಗಿ ಮುಂದಿನ ಹಂತ, ಫಿಲ್ಮನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಜಾಡುಗಳನ್ನು ಕಾಣಿಸುವುದು. ಒಂದು ಲೀಟರ್ ದ್ರಾವಣದಲ್ಲಿ 100 ಗ್ರಾಂ ಕಾಸ್ಟಿಕ್ ಸೋಡಾ ಇದ್ದರೆ ಈ ಕೆಲಸಕ್ಕೆ ಬೇಕಾದ 2.5 ನಾರ್ಮಲ್ ಸಾಂದ್ರತೆ ಆಗುತ್ತದೆ. ನೀರಿಗೆ ಸೋಡಾ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ದ್ರಾವಣ ಕುದಿದು ಸಿಡಿಯುತ್ತದೆ. ಕನ್ನಡಕ, ಗ್ಲೌಸ್ ಕಡ್ಡಾಯ, ಇದು ಪ್ರಯೋಗಾಲಯದಲ್ಲೇ ನಡೆಯಬೇಕಾದ ಕೆಲಸ. ವಾಟರ್‌ಬಾತ್‌ನಲ್ಲಿ 60 ಡಿಗ್ರಿಗೆ ತಂದು ಫಿಲ್ಮನ್ನು 90 ನಿಮಿಷ ಇಳಿಬಿಡುತ್ತಾರೆ. ಸೋಡಾ ಎಲ್ಲ ಕಡೆಯೂ ಪದರವನ್ನು ತಿನ್ನುತ್ತದೆ, ಕಣ ನಡೆದ ದಾರಿಯಲ್ಲಿ ಬೇಗ ತಿನ್ನುತ್ತದೆ. ಹಾಗೆ ಕಣ್ಣಿಗೆ ಬೀಳದ ಗಾಯ ಆರಪಾರ ತೂತಾಗುತ್ತದೆ. ಉಷ್ಣತೆ ಒಂದೆರಡು ಡಿಗ್ರಿ ಏರಿದರೂ, ದ್ರಾವಣವನ್ನು ಕಲಕಿದರೂ ಪದರ ಹೆಚ್ಚು ಸವೆದು ತೂತುಗಳ ಸಂಖ್ಯೆ ಏರುತ್ತದೆ. ಮನೆಯಲ್ಲಿಲ್ಲದ ರೇಡಾನ್ ಬೀಕರಿನಲ್ಲಿ ಹುಟ್ಟುವುದು ಹೀಗೆ. ಆದ್ದರಿಂದ ಪ್ರತಿ ಸಲ ಬಳಸದ ಒಂದು ತುಂಡನ್ನೂ ಜೊತೆಗೆ ಹಾಕಬೇಕು, ಉಳಿದ ಪದರದ ದಪ್ಪವನ್ನೂ ಅಳೆಯಬೇಕು. ದಪ್ಪ ಬರೆಯದ ವರದಿಯನ್ನು ಪೂರ್ತಿ ನಂಬುವುದು ಕಷ್ಟ.

ತೊಳೆದು ಒಣಗಿಸಿ ಕೆಂಪು ಪದರವನ್ನು ಸುಲಿದ ಮೇಲೆ ಎಣಿಕೆ. ಮೈಕ್ರೋಸ್ಕೋಪಿನಲ್ಲಿ ಎಣಿಸಿ ಕಣ್ಣು ಸೋಲುವ ಬದಲು ಸ್ಪಾರ್ಕ್ ಕೌಂಟರ್ ಇದೆ. ಇದು ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಜಾಣ ಉಪಾಯ. ಫಿಲ್ಮನ್ನು ಒಂದು ಎಲೆಕ್ಟ್ರೋಡ್ ಮತ್ತು ಅಲ್ಯೂಮಿನಿಯಂ ಲೇಪಿಸಿದ ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯ ನಡುವೆ ಇಡುತ್ತಾರೆ. ಮೊದಲು ಸುಮಾರು 900 ವೋಲ್ಟ್ ಕೊಟ್ಟು ಅರೆಬರೆ ತೂತುಗಳನ್ನು ಪೂರ್ತಿ ಬಿಡಿಸಿ, ಆಮೇಲೆ 500ರ ಆಸುಪಾಸಿನಲ್ಲಿ ಎಣಿಸುತ್ತಾರೆ. ಕಿಡಿ ಒಂದು ತೂತಿನಲ್ಲಿ ಹಾರಿದೊಡನೆ ಅದರೆದುರಿನ ಅಲ್ಯೂಮಿನಿಯಂ ಆವಿಯಾಗುತ್ತದೆ. ಅಲ್ಲಿ ಮತ್ತೆ ಕಿಡಿ ಹಾರದು, ಮುಂದಿನ ತೂತಿಗೆ ಹೋಗುತ್ತದೆ. ಒಂದೇ ತೂತು ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ. ತೂತುಗಳು ತೀರಾ ಒತ್ತೊತ್ತಾಗಿದ್ದರೆ ಮಾತ್ರ ಎಣಿಕೆ ಕಡಿಮೆ ತೋರುತ್ತದೆ.

ಕೊನೆಯ ಲೆಕ್ಕ ಸುಲಭ. ಚದರ ಸೆಂಟಿಮೀಟರಿಗೆ 100 ತೂತು, ಬಳಸದ ತುಂಡಿನಲ್ಲಿ 10. ಉಳಿದ 90ನ್ನು 90 ದಿನದಿಂದ ಭಾಗಿಸಿದರೆ ದಿನಕ್ಕೆ ಒಂದು. ಘನಮೀಟರಿಗೆ ಒಂದು ಬೆಕೆರೆಲ್ ಇದ್ದಾಗ ದಿನಕ್ಕೆ ಎಷ್ಟು ತೂತು ಬೀಳುತ್ತದೆ ಅನ್ನೋದು ಡಬ್ಬಿಯ ಮಾಪನಾಂಕ. ಅದು 0.02 ಇದ್ದರೆ, ಒಂದನ್ನು ಅದರಿಂದ ಭಾಗಿಸಿದಾಗ ಉತ್ತರ ಘನಮೀಟರಿಗೆ 50 ಬೆಕೆರೆಲ್. ಆ ಅಂಕ ಡಬ್ಬಿಯ ಆಕಾರಕ್ಕೆ ತಕ್ಕಂತೆ ಬದಲಾಗುವುದರಿಂದ ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ 100, ಅದು ಸಾಧ್ಯವಾಗದ ಕಡೆ 300 ಮೀರಬಾರದು.

ಹೆಚ್ಚು ಬಂದರೆ ಗ್ರಾನೈಟ್ ಕೀಳಿಸುವ ಗಡಿಬಿಡಿ ಬೇಡ. ಸಾಮಾನ್ಯವಾಗಿ ಹೆಚ್ಚು ಅನಿಲ ಬರುವುದು ಮನೆಯ ಕೆಳಗಿನ ಮಣ್ಣಿನಿಂದ. ನೆಲ ಗೋಡೆ ಸೇರುವ ಬಿರುಕು, ಪೈಪ್ ಸುತ್ತಲಿನ ಸಂದು ಮುಚ್ಚಿಸಿ, ಕಿಟಕಿ ತೆರೆದಿಡಿ. ಎಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಮಾತ್ರ ಓಡಿಸಿದರೆ ಒಳಗಿನ ಒತ್ತಡ ತಗ್ಗಿ ನೆಲದೊಳಗಿನ ಗಾಳಿ ಇನ್ನಷ್ಟು ಮೇಲೆಳೆದುಕೊಳ್ಳುವ ಸಾಧ್ಯತೆಯಿದೆ. ರಿಪೇರಿಯಾದ ಮೇಲೆ ಹೊಸ ಫಿಲ್ಮನ್ನು ಅದೇ ಕೋಣೆಯಲ್ಲಿ, ಅದೇ ಜಾಗದಲ್ಲಿ, ಅದೇ ತಿಂಗಳುಗಳಲ್ಲಿ ಹಾಕಿ. ಮಾಗಿಯಲ್ಲಿ ಅಳೆದದ್ದನ್ನು ಬೇಸಿಗೆಯ ಅಳತೆಯೊಂದಿಗೆ ಹೋಲಿಸಿದರೆ ತೆರೆದ ಕಿಟಕಿಯ ಗುಣವನ್ನು ಸಿಮೆಂಟಿಗೆ ಕಟ್ಟಿದಂತಾಗುತ್ತದೆ.