ಆಯಿಲ್ ಫಿಲ್ಟರ್‌ನ ತೆರೆದ ತುದಿ ಯಾವ ಕಡೆಗಿರಬೇಕು?

ಪ್ರಶ್ನೆ: ಬೈಕಿನ ಎಂಜಿನ್ ಆಯಿಲನ್ನು ಈ ಬಾರಿ ಮನೆಯಲ್ಲೇ ಬದಲಾಯಿಸಬೇಕೆಂದಿದ್ದೇನೆ. ಹೊಸ ಆಯಿಲ್ ಫಿಲ್ಟರ್‌ನ ಒಂದು ತುದಿಯಲ್ಲಿ ರಬ್ಬರ್ ಅಂಚಿನ ರಂಧ್ರವಿದೆ, ಇನ್ನೊಂದು ತುದಿ ಮುಚ್ಚಿದೆ. ರಂಧ್ರವಿರುವ ತುದಿ ಒಳಗೆ ಹೋಗಬೇಕೆಂದು ಒಬ್ಬರು, ಹೊರಗೆ ಕಾಣುತ್ತಿರಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ತಿರುಗುಮುರುಗಾಗಿ ಹಾಕಿದರೆ ಏನಾಗುತ್ತದೆ?

ಉತ್ತರ: ಇಬ್ಬರೂ ತಮ್ಮ ತಮ್ಮ ಬೈಕಿನ ಮಟ್ಟಿಗೆ ಸರಿಯಾಗಿಯೇ ಹೇಳಿರಬಹುದು, ಒಂದು ಬೈಕಿನ ಕ್ರಮವನ್ನು ಇನ್ನೊಂದಕ್ಕೆ ಅನ್ವಯಿಸಿದಾಗಲೇ ಅನಾಹುತವಾಗುವುದು. ಸುಜುಕಿಯ ಹಲವು ಸಿಂಗಲ್ ಸಿಲಿಂಡರ್ ಎಂಜಿನ್‌ಗಳಲ್ಲಿ ತೆರೆದ ತುದಿ ಎಂಜಿನ್‌ನ ಕಡೆಗೆ, ಅಂದರೆ ಒಳಮುಖವಾಗಿ ಹೋಗಬೇಕು. ಹೋಂಡಾದ ಸಿಆರ್‌ಎಫ್ ಸಾಲಿನ ಹಲವು ಡರ್ಟ್ ಬೈಕ್‌ಗಳಲ್ಲಿ ಇದಕ್ಕೆ ಸರಿಯಾಗಿ ವಿರುದ್ಧ: ರಬ್ಬರ್ ಸೀಲ್ ಇರುವ ತುದಿ ಹೊರಮುಖವಾಗಿ, ಮುಚ್ಚಳದ ಕಡೆಗೆ ಇರಬೇಕು, ಮತ್ತು ಆ ಬದಿಯಲ್ಲಿ ‘ಔಟ್ ಸೈಡ್’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಆದ್ದರಿಂದ ಒಳಗೋ ಹೊರಗೋ ಎಂದು ಬಾಯಿಪಾಠ ಮಾಡುವುದಕ್ಕಿಂತ, ಆಯಿಲ್ ಯಾವ ದಾರಿಯಲ್ಲಿ ಹರಿಯುತ್ತದೆಂದು ತಿಳಿದುಕೊಂಡರೆ ಯಾವ ಬೈಕನ್ನು ಬಿಚ್ಚಿದರೂ ಉತ್ತರ ಕಣ್ಣೆದುರಿಗೇ ಸಿಗುತ್ತದೆ.

ಪಂಪು ಎಂಜಿನ್‌ನ ತಳದಿಂದ ಆಯಿಲನ್ನು ಎಳೆದು ಫಿಲ್ಟರ್ ಕೂರುವ ಗೂಡಿಗೆ ತಳ್ಳುತ್ತದೆ. ಅಲ್ಲಿ ಆಯಿಲ್ ಮೊದಲು ಫಿಲ್ಟರ್‌ನ ಹೊರಮೈಯ ಸುತ್ತ ತುಂಬಿಕೊಳ್ಳುತ್ತದೆ, ಆಮೇಲೆ ಮಡಿಕೆ ಮಡಿಕೆಯಾಗಿರುವ ಕಾಗದದ ಮೂಲಕ ಒಳಕ್ಕೆ ನುಸುಳಿ, ಕಸವನ್ನು ಹೊರಗೇ ಬಿಟ್ಟು, ನಡುವಿನ ಟೊಳ್ಳಿಗೆ ಬರುತ್ತದೆ. ಶುದ್ಧವಾದ ಈ ಆಯಿಲ್ ಹೊರಬರುವ ಏಕೈಕ ಬಾಗಿಲೆಂದರೆ ನೀವು ಹೇಳಿದ ರಬ್ಬರ್ ಅಂಚಿನ ರಂಧ್ರ. ಅಲ್ಲಿಂದ ಅದು ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟ್‌ಗೂ, ಮೇಲೆ ಹೆಡ್‌ನಲ್ಲಿ, ಅಂದರೆ ಎಂಜಿನ್‌ನ ಮೇಲ್ಭಾಗದಲ್ಲಿ, ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್‌ಗೂ ಹೋಗುತ್ತದೆ. ಬಹುತೇಕ ಬೈಕ್‌ಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್ ಇರುವುದರಿಂದ, ಗೇರ್ ಹಲ್ಲುಗಳಿಂದ ಉದುರಿದ ಲೋಹದ ಪುಡಿಯೂ ಕ್ಲಚ್ ಪ್ಲೇಟಿನಿಂದ ಸವೆದ ನಾರೂ ಈ ಪುಟ್ಟ ಕಾಗದದ ಮೇಲೆಯೇ ಬಂದು ಕೂರುತ್ತವೆ. ಕಾರಿನ ಫಿಲ್ಟರ್‌ಗೆ ಇಲ್ಲದ ಕಷ್ಟ ಇದು.

ಈಗ ಮುಖ್ಯ ಸಂಗತಿಗೆ ಬರೋಣ. ಫಿಲ್ಟರ್‌ನ ರಂಧ್ರ ಶುದ್ಧ ಆಯಿಲ್ ಹೋಗುವ ದಾರಿಯ ಬಾಯಿಗೆ ಸರಿಯಾಗಿ ಕೂರಬೇಕು, ಮುಚ್ಚಿದ ತುದಿಯನ್ನು ಹಿಂದಿನಿಂದ ಸ್ಪ್ರಿಂಗ್ ಒತ್ತಿ ಹಿಡಿಯಬೇಕು. ಶುದ್ಧ ಆಯಿಲ್‌ನ ದಾರಿ ಎಂಜಿನ್ ಕೇಸಿನೊಳಗಿದ್ದರೆ ಗೂಡಿನ ತಳದ ನಡುವೆ ಒಂದು ರಂಧ್ರವೋ ಗಿಡ್ಡ ಕೊಳವೆಯೋ ಕಾಣಿಸುತ್ತದೆ. ಅಂಥ ಎಂಜಿನ್‌ನಲ್ಲಿ ತೆರೆದ ತುದಿ ಒಳಕ್ಕೆ, ಸ್ಪ್ರಿಂಗ್ ಮುಚ್ಚಳದ ಬದಿಗೆ. ಆ ದಾರಿ ಮುಚ್ಚಳದ ಮೂಲಕ ಹಾದುಹೋಗಿದ್ದರೆ ಮುಚ್ಚಳದ ಒಳಮೈಯಲ್ಲಿ ಫಿಲ್ಟರ್‌ನ ರಂಧ್ರಕ್ಕೆ ಹೊಂದುವ ಉಬ್ಬು ಮೂತಿ ಇರುತ್ತದೆ. ಆಗ ಸ್ಪ್ರಿಂಗ್ ಮೊದಲು ಒಳಗೆ ಹೋಗುತ್ತದೆ, ಫಿಲ್ಟರ್‌ನ ತೆರೆದ ತುದಿ ನಮ್ಮ ಕಡೆಗಿರುತ್ತದೆ. ಸ್ಪ್ರಿಂಗ್ ಇರುವ ವಿನ್ಯಾಸಗಳಲ್ಲಿ ಎರಡು ಸಾಲಿನ ಈ ಪರೀಕ್ಷೆ ಸಾಕು. ಎರಡೂ ತುದಿಯಲ್ಲಿ ರಂಧ್ರವಿರುವ ಫಿಲ್ಟರ್‌ಗಳೂ ಇವೆ. ಅವುಗಳಲ್ಲಿ ಎರಡೂ ರಂಧ್ರಗಳ ಅಳತೆ ಒಂದೇ ಆಗಿದ್ದರೆ ಹೇಗೆ ಹಾಕಿದರೂ ನಡೆಯುತ್ತದೆ, ಆದರೆ ಒಂದೇ ಆಗಿದೆಯೇ ಎಂದು ಕಣ್ಣಿಟ್ಟು ನೋಡದೆ ಹಾಗೆಂದುಕೊಳ್ಳಬಾರದು. ಬೈಕಿನ ಜತೆ ಬಂದ ಪುಸ್ತಕದಲ್ಲಿ ಚಿತ್ರವಿದ್ದರೆ ಅದೇ ಅಂತಿಮ.

ತಿರುಗಿಸಿ ಹಾಕಿದರೆ ಮುಚ್ಚಿದ ತುದಿ ಶುದ್ಧ ಆಯಿಲ್‌ನ ಬಾಯಿಗೆ ಅಡ್ಡ ಬರುತ್ತದೆ. ಆಯಿಲ್ ಪೂರ್ತಿ ನಿಂತುಹೋಗಬಹುದು, ಅಥವಾ ಸಂದಿಯಲ್ಲಿ ಅಷ್ಟಿಷ್ಟು ಸೋರಿ, ಶುದ್ಧವಾಗದೆಯೇ ಮುಂದಕ್ಕೆ ಹೋಗಬಹುದು. ಮೊದಲು ಬಾಯಾರುವುದು ಪಂಪಿನಿಂದ ಅತಿ ದೂರದಲ್ಲಿರುವ ಕ್ಯಾಮ್ ಮತ್ತು ಅದರ ಒತ್ತನ್ನು ವಾಲ್ವುಗಳಿಗೆ ದಾಟಿಸುವ ರಾಕರ್‌ಗಳು. ಹೆಡ್‌ನಿಂದ ಬರುವ ಟಿಕ್ ಟಿಕ್ ಎಂಬ ಟ್ಯಾಪೆಟ್ ಸದ್ದು ಏರುತ್ತದೆ, ಎಂಜಿನ್ ಅಸಹಜವಾಗಿ ಬಿಸಿಯಾಗುತ್ತದೆ, ಆಗಲೂ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗಿನ ಭಾಗಗಳು ಕಚ್ಚಿಕೊಂಡು ನಿಂತುಬಿಡುತ್ತವೆ. ಹೊರಗೆ ಒಂದು ಹನಿಯೂ ಸೋರದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಸರಿಯಾಗಿಯೇ ಕಾಣಿಸುತ್ತಾ ಇದೆಲ್ಲ ನಡೆಯುವುದರಿಂದಲೇ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ.

ದಿಕ್ಕು ಸರಿಯಿದ್ದೂ ಕೆಲಸ ಕೆಡಿಸುವ ಇನ್ನೊಂದು ವಸ್ತು ಆ ಸ್ಪ್ರಿಂಗೇ. ಹಳೆಯ ಫಿಲ್ಟರನ್ನು ಹೊರಕ್ಕೆಳೆದಾಗ ಅದು ಕಪ್ಪು ಆಯಿಲ್ ಮೆತ್ತಿಕೊಂಡು ಫಿಲ್ಟರ್‌ನ ಬೆನ್ನಿಗೇ ಅಂಟಿಕೊಂಡು ಬರುತ್ತದೆ, ಅಥವಾ ಕೆಳಗಿಟ್ಟ ಟ್ರೇಯಲ್ಲಿ ಬಿದ್ದು ಮುಳುಗಿರುತ್ತದೆ, ಹಳೆಯ ಫಿಲ್ಟರ್ ಜೊತೆಗೆ ಕಸದ ಬುಟ್ಟಿಗೂ ಹೋಗುತ್ತದೆ. ಸ್ಪ್ರಿಂಗ್ ಇಲ್ಲದೆ ಮುಚ್ಚಳ ಹಾಕಿದರೂ ಬೋಲ್ಟುಗಳು ಎಂದಿನಂತೆಯೇ ಬಿಗಿಯಾಗುತ್ತವೆ, ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಒಳಗೆ ಮಾತ್ರ ಫಿಲ್ಟರ್ ಸಡಿಲವಾಗಿ ಅಲುಗಾಡುತ್ತಾ, ರಬ್ಬರ್ ಅಂಚಿನ ಪಕ್ಕದಿಂದ ಕೊಳೆ ಆಯಿಲ್ ನೇರವಾಗಿ ಒಳನುಗ್ಗುತ್ತದೆ. ಹಳೆಯ ಫಿಲ್ಟರನ್ನು ತೆಗೆದ ಕೂಡಲೇ ಸ್ಪ್ರಿಂಗನ್ನು ಒರೆಸಿ, ಬಟ್ಟೆಯ ಮೇಲೆ ಎದ್ದು ಕಾಣುವಂತೆ ಇಟ್ಟುಕೊಳ್ಳಿ. ಹಳೆಯ ಫಿಲ್ಟರ್ ಯಾವ ದಿಕ್ಕಿನಲ್ಲಿ ಬಂತೆಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳುವುದೂ ಒಳ್ಳೆಯದೇ, ಆದರೆ ಹಿಂದಿನವರು ಸರಿಯಾಗಿ ಹಾಕಿದ್ದರೆಂಬುದಕ್ಕೆ ಅದು ಸಾಕ್ಷಿಯಲ್ಲ.

ಸೋರಿಕೆ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಮುಚ್ಚಳದ ಸುತ್ತಲಿನ ದೊಡ್ಡ ಓ-ರಿಂಗ್ ತಪ್ಪಿದರೆ ಆಯಿಲ್ ಹೊರಗೆ ಸೋರಿ ತಾನಾಗಿಯೇ ಗೊತ್ತಾಗುತ್ತದೆ. ಆದರೆ ಕೆಲವು ಎಂಜಿನ್‌ಗಳಲ್ಲಿ ಆಯಿಲ್ ದಾರಿಯ ಬಾಯಿಗೆ ಇನ್ನೊಂದು ಚಿಕ್ಕ ಓ-ರಿಂಗ್ ಇರುತ್ತದೆ. ಅದು ಬಿಟ್ಟುಹೋದರೆ ಸೋರಿಕೆಯೆಲ್ಲ ಒಳಗಿಂದೊಳಗೇ. ಹಳೆಯ ರಿಂಗು ಗಟ್ಟಿಯಾಗಿ ಚಪ್ಪಟೆಯಾಗಿ ತಾನು ಕೂರುವ ಕಾಲುವೆಯೊಳಗೇ ಕಚ್ಚಿಕೊಂಡಿದ್ದು, ಅದರ ಮೇಲೆಯೇ ಹೊಸದನ್ನು ಕೂರಿಸುವುದು ಮೆಕ್ಯಾನಿಕ್‌ಗಳ ಕೈಯಲ್ಲೂ ನಡೆಯುವ ತಪ್ಪು. ಕಾಲುವೆಯನ್ನು ಬೆರಳಿಂದ ಸವರಿ ನೋಡಿ, ಹೊಸ ರಿಂಗಿಗೆ ಸ್ವಲ್ಪ ಹೊಸ ಆಯಿಲ್ ಸವರಿ, ತಿರುಚಿಕೊಳ್ಳದಂತೆ ಕೂರಿಸಬೇಕು.

ಮುಚ್ಚಳದ ಬೋಲ್ಟುಗಳು ಸಾಮಾನ್ಯವಾಗಿ 6 ಮಿ.ಮೀ. ದಪ್ಪದವು. ಅವುಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕಾಗುತ್ತದೆ. ಎಂಜಿನ್ ಕೇಸು ಅಲ್ಯೂಮಿನಿಯಂ ಆದ್ದರಿಂದ ಉದ್ದ ಹಿಡಿಕೆಯ ಪಾನಾ ಹಿಡಿದು ಬಲ ಹಾಕಿದರೆ ಥ್ರೆಡ್ಡೇ ಕಿತ್ತುಬರುತ್ತದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ತಿರುಗಿಸಿ, ನಂತರ ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ಮುಚ್ಚಳ ವಾಲುವುದಿಲ್ಲ. ಡ್ರೈನ್ ಬೋಲ್ಟಿನ ವಾಷರ್ ಹೊಸದಾಗಿರಲಿ. ಅದರ ಬೆಲೆಗೆ ಜಿಪುಣತನ ಸಲ್ಲದು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಕೊಳ್ಳುವವರು ಹಳೆಯ ಫಿಲ್ಟರನ್ನು ಜೊತೆಗೆ ಒಯ್ದು ಎತ್ತರ, ಸುತ್ತಳತೆ, ರಂಧ್ರ ಮೂರನ್ನೂ ಹೋಲಿಸುವುದು ಒಳಿತು. ಎತ್ತರ ತುಸು ಕಡಿಮೆಯಿದ್ದರೂ ಸ್ಪ್ರಿಂಗಿನ ಒತ್ತು ಸಾಲುವುದಿಲ್ಲ.

ಇಷ್ಟೂ ಮಾತು ಮುಚ್ಚಳದೊಳಗೆ ಕೂರುವ ಕಾಗದದ ಫಿಲ್ಟರ್‌ಗೆ ಸಂಬಂಧಿಸಿದ್ದು. ಆಕ್ಟಿವಾದಂಥ ಸ್ಕೂಟರಿನಲ್ಲಿ ಕಾಗದದ ಫಿಲ್ಟರ್ ಇರುವುದೇ ಇಲ್ಲ, ತೊಳೆದು ಮತ್ತೆ ಹಾಕುವ ಜಾಲರಿ ಮಾತ್ರ ಇರುತ್ತದೆ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರಲ್ಲಿ ಡಬ್ಬಿಯಂತೆ ತಿರುಗಿಸಿ ಹಾಕುವ ಫಿಲ್ಟರ್ ಇರುವುದರಿಂದ ದಿಕ್ಕು ತಪ್ಪುವ ಭಯವಿಲ್ಲ. ಅಲ್ಲಿ ನೋಡಬೇಕಾದದ್ದು ಹಳೆಯ ಫಿಲ್ಟರ್‌ನ ರಬ್ಬರ್ ಗ್ಯಾಸ್ಕೆಟ್ ಎಂಜಿನ್‌ಗೇ ಅಂಟಿಕೊಂಡು ಉಳಿದಿದೆಯೇ ಎಂಬುದನ್ನು.

ಫಿಲ್ಟರ್ ಹಾಕಿ, ಆಯಿಲ್ ತುಂಬಿದ ಮೇಲೆ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ತಿರುಗಿಸದೆ ಎರಡು ಮೂರು ನಿಮಿಷ ಹಾಗೆಯೇ ಬಿಡಬೇಕು. ಆಯಿಲ್ ಪ್ರೆಶರ್ ದೀಪವಿರುವ ಬೈಕಾದರೆ ಅದು ಕೆಲವೇ ಕ್ಷಣಗಳಲ್ಲಿ ಆರಬೇಕು. ಎಂಜಿನ್ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು, ಬೈಕನ್ನು ನೇರವಾಗಿ ನಿಲ್ಲಿಸಿ ಮಟ್ಟ ನೋಡಿದರೆ ಮೊದಲಿಗಿಂತ ತುಸು ಇಳಿದಿರುತ್ತದೆ, ಏಕೆಂದರೆ ಫಿಲ್ಟರ್‌ನ ಗೂಡು ಈಗಷ್ಟೇ ತುಂಬಿರುತ್ತದೆ. ಯಮಹಾ ಆರ್15ರಂಥ ಬೈಕ್‌ಗಳಲ್ಲಿ ಇನ್ನೂ ಖಚಿತವಾದ ಪರೀಕ್ಷೆಯೊಂದಿದೆ. ಹೆಡ್‌ನ ಮೇಲಿರುವ ಆಯಿಲ್ ಗ್ಯಾಲರಿ ಬೋಲ್ಟನ್ನು, ಅಂದರೆ ಆಯಿಲ್ ದಾರಿಯನ್ನು ಮುಚ್ಚಿರುವ ಬೋಲ್ಟನ್ನು, ಸ್ವಲ್ಪ ಸಡಿಲಿಸಿ ಎಂಜಿನ್ ಚಾಲೂ ಮಾಡಿದರೆ ಅಲ್ಲಿ ಆಯಿಲ್ ಜಿನುಗಬೇಕು. ಒಂದು ನಿಮಿಷವಾದರೂ ಜಿನುಗದಿದ್ದರೆ ತಕ್ಷಣ ಎಂಜಿನ್ ಆರಿಸಬೇಕು.

ಬೇರೆಯವರು ಹಾಕಿದ ಫಿಲ್ಟರ್ ಬಗ್ಗೆ ಅನುಮಾನವಿದ್ದರೂ ಆಯಿಲನ್ನೆಲ್ಲ ಚೆಲ್ಲಬೇಕಾಗಿಲ್ಲ. ಎಂಜಿನ್ ತಣ್ಣಗಾದ ಮೇಲೆ ಶುಚಿಯಾದ ಟ್ರೇಯೊಂದನ್ನು ಕೆಳಗಿಟ್ಟು ಫಿಲ್ಟರ್‌ನ ಮುಚ್ಚಳವನ್ನಷ್ಟೇ ತೆಗೆದರೆ ದಿಕ್ಕು, ಸ್ಪ್ರಿಂಗ್ ಎರಡೂ ಕಾಣುತ್ತವೆ. ಹೊರಬಂದಷ್ಟು ಆಯಿಲನ್ನು ಆಮೇಲೆ ಭರ್ತಿ ಮಾಡಿದರಾಯಿತು. ಫಿಲ್ಟರ್ ತಿರುಗುಮುರುಗಾಗಿಯೇ ಇತ್ತು, ಬೈಕು ಓಡಿಯೂ ಆಗಿದೆ ಎಂದಾದರೆ ಮಾತ್ರ, ಸರಿಪಡಿಸಿ ಓಡಿಸಿಬಿಡುವ ಬದಲು ಹೆಡ್‌ನ ಮುಚ್ಚಳ ತೆಗೆಸಿ, ಕ್ಯಾಮ್‌ನ ಮೇಲೆ ಗೀರು ಬಿದ್ದಿದೆಯೇ ಎಂದು ತೋರಿಸಿಕೊಳ್ಳಿ.