ಕ್ಲಿಪ್ ತೆಗೆದ ಮೇಲೆ ಉಳಿಯುವುದೇನು?

ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಬಗ್ಗೆ ವಿಡಿಯೋ ಮಾಡುವವರು ಮೊದಲ ಸಲ ನನ್ನ ಹತ್ತಿರ ಬಂದಾಗ ನಾನು ಒಂದೇ ಕೆಲಸ ಹೇಳುತ್ತೇನೆ. ನಿಮ್ಮ ವಿಡಿಯೋ ಹಾಕಿ, ಆದರೆ ಸ್ಕ್ರೀನ್ ನೋಡಬೇಡಿ. ಕಣ್ಣು ಮುಚ್ಚಿ ಬರೀ ಕೇಳಿ. ಕೇಳಿ ಮುಗಿದಾಗ ಏನೋ ಹೊಸದು ಗೊತ್ತಾಯಿತು ಅನ್ನಿಸಿದರೆ ಸರಿ. "ಈ ಸೀನ್ ನೋಡಿ, ಎಷ್ಟು ಚೆನ್ನಾಗಿದೆ ಅಲ್ವಾ" ಅನ್ನುವುದಷ್ಟೇ ಕಿವಿಗೆ ಬಿದ್ದರೆ ಆ ವಿಡಿಯೋ ಇನ್ನೂ ನಿಮ್ಮದಾಗಿಲ್ಲ. ಅದು ಆ ಸೀನ್ ಬರೆದವರದು, ಬಿಡಿಸಿದವರದು, ಅದಕ್ಕೆ ದನಿ ಕೊಟ್ಟವರದು.

ಮುಂಚೆ ನಾನೂ ಒಂದು ಚಾನೆಲ್ ನಡೆಸುತ್ತಿದ್ದೆ. ಈಗ ಬೇರೆಯವರ ಸ್ಕ್ರಿಪ್ಟ್ ತಿದ್ದುತ್ತೇನೆ. ವಿಡಿಯೋ ಹೊರಗೆ ಹೋಗುವ ಮೊದಲು ಹಕ್ಕಿನ ತೊಂದರೆ ಎಲ್ಲಿಂದ ಬರಬಹುದು ಎಂದು ನೋಡಿ ಹೇಳುತ್ತೇನೆ. ಇದು ಅನಿಮೆ ನೋಡಿಕೊಂಡು ದುಡ್ಡು ಮಾಡುವ ಕೆಲಸ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನೋಡುವುದು ಇದರಲ್ಲಿ ಚಿಕ್ಕ ಭಾಗ. ಬರೆಯುವುದೇ ಜಾಸ್ತಿ. ಬರೆದದ್ದನ್ನು ಹೊಡೆದು ಹಾಕುವುದು ಅದಕ್ಕಿಂತ ಜಾಸ್ತಿ.

ಬಂದವರೆಲ್ಲ ಮೊದಲು ಕೇಳುವುದು ಕಾಪಿರೈಟ್ ವಿಷಯ. ಎಷ್ಟು ಸೆಕೆಂಡಿನ ಕ್ಲಿಪ್ ಹಾಕಿದರೆ ತೊಂದರೆ ಇಲ್ಲ? ಅಂಥ ಸೆಕೆಂಡು ಯಾವುದೂ ಇಲ್ಲ. ಹತ್ತು ಸೆಕೆಂಡಿನ ನಿಯಮ, ಏಳು ಸೆಕೆಂಡಿನ ನಿಯಮ ಎಂದು ಓಡಾಡುವುದೆಲ್ಲ ಕಟ್ಟುಕಥೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದು, ಸುತ್ತಲೂ ಬಾರ್ಡರ್ ಹಾಕುವುದು, "ಇದರ ಹಕ್ಕು ನನ್ನದಲ್ಲ" ಎಂದು ಕೆಳಗೆ ಬರೆಯುವುದು, ಇವು ಯಾವುವೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹಕ್ಕು ನಿಮ್ಮದಲ್ಲ ಎಂದು ನೀವೇ ಬರೆದುಕೊಟ್ಟರೆ ಅದರಿಂದ ನಿಮಗೆ ಅನುಮತಿ ಸಿಗುವುದಿಲ್ಲ.

ಹಾಗಾದರೆ ಯಾವುದು ನಿಲ್ಲುತ್ತದೆ? ಅಮೆರಿಕದ ಕಾಪಿರೈಟ್ ಕಾನೂನಿನ 107ನೇ ಸೆಕ್ಷನ್‌ನಲ್ಲಿ ಫೇರ್ ಯೂಸ್ ಇದೆ, ಅಂದರೆ ಅನುಮತಿ ಇಲ್ಲದೆಯೂ ನ್ಯಾಯವಾಗಿ ಬಳಸಲು ಇರುವ ವಿನಾಯಿತಿ. ಯಾಕೆ ಬಳಸಿದಿರಿ, ಎಂಥ ಕೃತಿಯಿಂದ ತೆಗೆದಿರಿ, ಎಷ್ಟು ತೆಗೆದಿರಿ, ಮೂಲ ಕೃತಿಯ ಮಾರುಕಟ್ಟೆಗೆ ಪೆಟ್ಟು ಬಿತ್ತೇ ಎಂದು ನಾಲ್ಕು ಕಡೆಯಿಂದ ತೂಗುತ್ತಾರೆ. ಜಪಾನಿನ ಕಾನೂನಿನಲ್ಲಿ ಇಷ್ಟು ಅಗಲವಾದ ಬಾಗಿಲು ಇಲ್ಲ. ಅಲ್ಲಿರುವುದು 32ನೇ ವಿಧಿ, ಉಲ್ಲೇಖದ ಹಕ್ಕು. ವಿಮರ್ಶೆಗೋ ಸಂಶೋಧನೆಗೋ ಸುದ್ದಿಗೋ ಬೇಕಾದಷ್ಟು ತುಣುಕನ್ನು ಎತ್ತಿ ತೋರಿಸಬಹುದು. ಅಲ್ಲಿನ ನ್ಯಾಯಾಲಯಗಳು ಇದನ್ನು ಅಳೆಯಲು ಬಳಸುತ್ತಾ ಬಂದಿರುವ ಒಂದು ಅಳತೆ ನನಗೆ ತುಂಬಾ ಇಷ್ಟ. ನಿಮ್ಮ ಮಾತು ಯಜಮಾನನ ಜಾಗದಲ್ಲಿರಬೇಕು, ತಂದ ತುಣುಕು ಆಳಿನ ಜಾಗದಲ್ಲಿ. ಯಾವುದು ನಿಮ್ಮದು, ಯಾವುದು ಅವರದು ಎಂದು ನೋಡಿದ ಕೂಡಲೇ ಗೊತ್ತಾಗಬೇಕು. ನಾನು ಕಣ್ಣು ಮುಚ್ಚಿ ಕೇಳಿ ಅನ್ನುವುದು ಇದೇ ಕಾರಣಕ್ಕೆ. ಕ್ಲಿಪ್ ಇಲ್ಲದೆ ನಿಮ್ಮ ಮಾತು ನಿಂತರೆ ಅದು ಯಜಮಾನ. ಕುಸಿದು ಬಿದ್ದರೆ ಆಳು.

ಮಾತು ಸೇರಿಸಿದ ಮಾತ್ರಕ್ಕೆ ವಿಮರ್ಶೆ ಆಗುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಜಪಾನಿನಲ್ಲಿ "ಫಾಸ್ಟ್ ಮೂವಿ" ಎಂಬ ವಿಡಿಯೋಗಳು ಬಂದಿದ್ದವು. ಇಡೀ ಸಿನಿಮಾವನ್ನು ಹತ್ತು ನಿಮಿಷಕ್ಕೆ ಇಳಿಸಿ, ಕಥೆಯನ್ನು ಕೊನೆಯವರೆಗೂ ಹೇಳಿಬಿಡುವ ವಿಡಿಯೋಗಳು ಅವು. ಅವುಗಳ ಮೇಲೂ ವಾಯ್ಸ್ ಓವರ್ ಇತ್ತು. ನವೆಂಬರ್ 2022ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಅಂಥ ವಿಡಿಯೋ ಹಾಕಿದ ಇಬ್ಬರಿಗೆ 50 ಕೋಟಿ ಯೆನ್ ಪರಿಹಾರ ಕಟ್ಟುವಂತೆ ಹೇಳಿತು. "ಇಡೀ ಸೀಸನ್ 20 ನಿಮಿಷದಲ್ಲಿ" ಎಂಬ ಐಡಿಯಾ ಹಿಡಿದು ಬರುವವರಿಗೆ ನಾನು ಮೊದಲು ಹೇಳುವ ಸುದ್ದಿ ಇದು. ಅಂಥ ವಿಡಿಯೋಗೆ ವ್ಯೂಸ್ ಬರುತ್ತವೆ, ನಿಜ. ಆದರೆ ಅದನ್ನು ನೋಡಿದವರು ಮೂಲ ಅನಿಮೆ ನೋಡುವ ಅಗತ್ಯವೇ ಇಲ್ಲದಂತಾಗುತ್ತದೆ. ನಾವು ಪ್ರೀತಿಸುವ ವಸ್ತುವಿಗೆ ನಮ್ಮ ಕೈಯಿಂದಲೇ ಹಾಗೆ ಆಗಬಾರದು.

ಚೆನ್ನಾಗಿ ಕೆಲಸ ಮಾಡಿದವರಿಗೂ ಪೆಟ್ಟು ಬೀಳುತ್ತದೆ. ಡಿಸೆಂಬರ್ 2021ರಲ್ಲಿ ಐರ್ಲೆಂಡಿನ "ಟೋಟಲಿ ನಾಟ್ ಮಾರ್ಕ್" ಚಾನೆಲ್‌ನ ಸುಮಾರು 150 ವಿಡಿಯೋಗಳ ಮೇಲೆ ಜಪಾನಿನ ಅನಿಮೆ ಕಂಪನಿ ತೋಯೆ ಅನಿಮೇಷನ್ ಕಾಪಿರೈಟ್ ಕ್ಲೇಮ್ ಹಾಕಿತು. ವರ್ಷಗಟ್ಟಲೆ ಮಾಡಿದ ವಿಮರ್ಶೆಗಳು ಒಮ್ಮೆಲೇ ಕಾಣದಾದವು. ಚಾನೆಲ್ ನಡೆಸುವವರು ಸುಮ್ಮನಿರಲಿಲ್ಲ. ಸಾರ್ವಜನಿಕವಾಗಿ ಮಾತಾಡಿದರು, ಬೇರೆ ಕ್ರಿಯೇಟರ್‌ಗಳೂ ದನಿಗೂಡಿಸಿದರು. ಜನವರಿ 2022ರಲ್ಲಿ ವಿಡಿಯೋಗಳು ವಾಪಸ್ ಬಂದವು, ಜಪಾನ್ ಒಂದನ್ನು ಬಿಟ್ಟು. ಎರಡು ದೇಶದ ಕಾನೂನು ಎರಡು ಥರ ಇರುವುದರಿಂದ ಒಂದೇ ವಿಡಿಯೋ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಆಗಬಹುದು. ಅವರ ಪರವಾಗಿ ನಿಂತಿದ್ದು ಅವರ ಮಾತೇ. ಆ ವಿಡಿಯೋಗಳನ್ನು ಬರೀ ಕೇಳಿದರೂ ಅರ್ಥವಾಗುತ್ತವೆ.

ಕ್ಲೇಮ್ ಬಂದ ಕೂಡಲೇ ಗಾಬರಿಯಾಗುವವರು ಇದನ್ನು ತಿಳಿದಿರಬೇಕು. ಯೂಟ್ಯೂಬ್‌ನ ಕಂಟೆಂಟ್ ಐಡಿ (ಹಕ್ಕುದಾರರ ಚಿತ್ರ, ದನಿಗೆ ಹೋಲುವುದನ್ನು ತಾನೇ ಹುಡುಕುವ ವ್ಯವಸ್ಥೆ) ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗಬಹುದು, ಅಥವಾ ವಿಡಿಯೋ ಬ್ಲಾಕ್ ಆಗಬಹುದು. ಚಾನೆಲ್‌ಗೆ ಕುತ್ತು ಬರುವುದಿಲ್ಲ. ಸ್ಟ್ರೈಕ್ ಅಂದರೆ ಕಾನೂನಿನ ದೂರು ಕೊಟ್ಟು ವಿಡಿಯೋ ತೆಗೆಸುವುದು. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಕ್ಲೇಮ್ ತಪ್ಪು ಅನ್ನಿಸಿದರೆ ಡಿಸ್ಪ್ಯೂಟ್ ಹಾಕಬಹುದು. ಉತ್ತರ ಕೊಡಲು ಎದುರಿನವರಿಗೆ 30 ದಿನ ಇರುತ್ತದೆ. ಸ್ಟ್ರೈಕ್ ವಿರುದ್ಧ ಕೌಂಟರ್ ನೋಟಿಫಿಕೇಶನ್, ಅಂದರೆ ವಿಡಿಯೋ ತೆಗೆಸಿದ್ದು ತಪ್ಪು ಎಂಬ ಕಾನೂನಿನ ಉತ್ತರ, ಕೊಟ್ಟರೆ ಮಾತ್ರ ಅದು ಕೋರ್ಟಿನ ಹೊಸ್ತಿಲು. ನಿಮ್ಮ ಹೆಸರು, ವಿಳಾಸ ಎದುರಿನವರ ಕೈಗೆ ಹೋಗುತ್ತದೆ. ಸಿಟ್ಟಿನಲ್ಲಿ ಆ ಬಟನ್ ಒತ್ತಬೇಡಿ. ಒಂದು ರಾತ್ರಿ ಕಳೆಯಲಿ, ತಿಳಿದ ವಕೀಲರಿಗೆ ತೋರಿಸಿ, ಆಮೇಲೆ ನೋಡಿ. ನಾನು ಕಂಡ ಹಾಗೆ ಕ್ಲೇಮ್‌ಗಳಲ್ಲಿ ದೊಡ್ಡ ಪಾಲು ಹಾಡಿನದು. ಓಪನಿಂಗ್ ಹಾಡಿನ ಹಕ್ಕು ರೆಕಾರ್ಡ್ ಕಂಪನಿಯ ಹತ್ತಿರ ಬೇರೆಯಾಗಿಯೇ ಇರುತ್ತದೆ. ಕ್ಲಿಪ್‌ನ ಮೂಲ ದನಿ ತೆಗೆದುಬಿಟ್ಟರೆ ಅರ್ಧ ತಲೆನೋವು ಅಲ್ಲೇ ಕಡಿಮೆ.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಚಾನೆಲ್ ಶುರು ಮಾಡಿದ ಹೊಸತರಲ್ಲಿ ಒಂದು ವಿಡಿಯೋಗೆ ಕ್ಲೇಮ್ ಬಂತು. ನಾನು ಆ ಅನಿಮೆ ಮಾಡಿದ ಸ್ಟುಡಿಯೋವನ್ನು ಬೈದು ಇನ್ನೊಂದು ವಿಡಿಯೋ ಮಾಡಿದೆ. ನೋಡಿದವರೂ ನನ್ನ ಜೊತೆ ಸೇರಿ ಬೈದರು. ವಾರದ ನಂತರ ಒಬ್ಬರು ಸಮಾಧಾನವಾಗಿ ಬರೆದರು, ಕ್ಲೇಮ್ ಹಾಕಿದ್ದು ಯಾರು ಎಂದು ಸರಿಯಾಗಿ ನೋಡಿದಿರಾ ಎಂದು. ನೋಡಿದೆ. ಅದು ಸ್ಟುಡಿಯೋ ಅಲ್ಲವೇ ಅಲ್ಲ, ಹೊರದೇಶದ ವಿತರಕರು. ಹಗಲು ರಾತ್ರಿ ಕೂತು ಚಿತ್ರ ಬಿಡಿಸಿದವರಿಗೆ ನಾನು ಸುಮ್ ಸುಮ್ನೆ ಕೆಟ್ಟ ಮಾತು ಕೇಳಿಸಿದ್ದೆ. ಆ ವಿಡಿಯೋ ತೆಗೆದೆ, ತಪ್ಪಾಯಿತೆಂದು ಇನ್ನೊಂದು ಮಾಡಿದೆ. ಅದಕ್ಕೆ ಬಂದ ವ್ಯೂಸ್ ಮೊದಲಿನದರ ಹತ್ತಿರಕ್ಕೂ ಬರಲಿಲ್ಲ. ತಪ್ಪು ಓಡಿದಷ್ಟು ದೂರ ತಿದ್ದುಪಡಿ ಓಡುವುದಿಲ್ಲ, ಅದು ಈಗಲೂ ಮನಸ್ಸಿನಲ್ಲಿದೆ.

ಅಂದಿನಿಂದ ಅನಿಮೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಓದತೊಡಗಿದೆ. ಹೆಚ್ಚಿನ ಟಿವಿ ಅನಿಮೆಗಳಿಗೆ ಬಂಡವಾಳ ಹಾಕುವುದು ಪ್ರೊಡಕ್ಷನ್ ಕಮಿಟಿ. ಮಾಂಗಾ (ಜಪಾನಿ ಕಾಮಿಕ್ಸ್) ಪ್ರಕಾಶಕರು, ಟಿವಿ ಕಂಪನಿ, ರೆಕಾರ್ಡ್ ಕಂಪನಿ, ಆಟಿಕೆ ಮಾಡುವವರು ಸೇರಿ ದುಡ್ಡು ಹಾಕುತ್ತಾರೆ, ಹಕ್ಕು ಹಂಚಿಕೊಳ್ಳುತ್ತಾರೆ. ಸ್ಟುಡಿಯೋ ಅದರಲ್ಲಿ ಪಾಲು ಹಾಕದಿದ್ದರೆ ಕೂಲಿಗೆ ಮಾಡಿಕೊಟ್ಟ ಹಾಗೆ. ಅನಿಮೆ ಗೆದ್ದರೂ ಲಾಭ ಅವರ ಕೈಗೆ ಬರುವುದಿಲ್ಲ. ಜಪಾನಿ ಭಾಷೆಯಲ್ಲಿ "ಸೇಸಕು" ಎಂಬ ಎರಡು ಪದಗಳಿವೆ. ಉಚ್ಚಾರ ಒಂದೇ, ಬರೆಯುವಾಗ ಮೊದಲ ಅಕ್ಷರ ಬೇರೆ. ಒಂದು ದುಡ್ಡು ಹಾಕಿ ಮಾಡಿಸುವುದಕ್ಕೆ, ಇನ್ನೊಂದು ಕೈಯಾರೆ ಮಾಡುವುದಕ್ಕೆ. ಎಪಿಸೋಡ್‌ನ ಹೆಸರುಗಳ ಸಾಲಿನಲ್ಲಿ ಎರಡೂ ಬರುತ್ತವೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಸ್ಟುಡಿಯೋಗಳ ಮೇಲೆ ಬರುವ ಎಷ್ಟೋ ಆರೋಪದ ವಿಡಿಯೋಗಳು ಹುಟ್ಟುತ್ತಲೇ ಇರಲಿಲ್ಲ.

ಉಳಿದ ಹೆಸರುಗಳನ್ನೂ ಓದಲು ಕಲಿಯಿರಿ. ಎಕೊಂತೆ ಅಂದರೆ ಸ್ಟೋರಿಬೋರ್ಡ್. ಗೆಂಗಾ ಅಂದರೆ ಚಲನೆಯ ಮುಖ್ಯ ಚಿತ್ರಗಳು. ದೋಗಾ ಅಂದರೆ ಅವುಗಳ ನಡುವೆ ತುಂಬುವ ಚಿತ್ರಗಳು. ಸಕುಗಾ ಕಂತೋಕು ಅಂದರೆ ಹತ್ತಾರು ಕೈಗಳು ಬಿಡಿಸಿದ ಮುಖ ಒಂದೇ ಥರ ಕಾಣುವಂತೆ ತಿದ್ದುವವರು. ಸೆಕೆಂಡಿಗೆ 24 ಫ್ರೇಮ್ ಓಡಿದರೂ ಪ್ರತಿ ಫ್ರೇಮಿಗೆ ಹೊಸ ಚಿತ್ರ ಇರುವುದಿಲ್ಲ. ಒಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 8 ಚಿತ್ರ ಸಾಕು. ಇದನ್ನು "ಸೋಮಾರಿ ಅನಿಮೇಷನ್" ಎಂದು ಕರೆಯುವ ಸ್ಕ್ರಿಪ್ಟ್ ನನ್ನ ಮೇಜಿಗೆ ಬಂದರೆ ಆ ಸಾಲು ಉಳಿಯುವುದಿಲ್ಲ. ಎಲ್ಲಿ ಕಡಿಮೆ ಚಿತ್ರ, ಎಲ್ಲಿ ಜಾಸ್ತಿ ಎಂದು ಆರಿಸುವುದೇ ಒಂದು ಕಲೆ. ಆ ಆಯ್ಕೆ ಯಾಕೆ ಎಂದು ವಿವರಿಸಿ, ಅದು ನಿಜವಾದ ವಿಡಿಯೋ.

18 ಜುಲೈ 2019ರಂದು ಕ್ಯೋಟೊ ಅನಿಮೇಷನ್ ಸ್ಟುಡಿಯೋಗೆ ಒಬ್ಬ ಬೆಂಕಿ ಹಚ್ಚಿದ. 36 ಜನ ತೀರಿಹೋದರು. ಅಲ್ಲಿಯವರೆಗೆ ನಾನೂ ಕೆಲಸ ಮಾಡಿದವರ ಹೆಸರುಗಳು ಓಡುವ ಎಂಡಿಂಗ್ ಬಂದರೆ ಸ್ಕಿಪ್ ಒತ್ತುತ್ತಿದ್ದೆ. ಆಮೇಲೆ ಒತ್ತಿಲ್ಲ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಉದ್ದ ವಿಡಿಯೋದ ಜಾಹೀರಾತಿನಲ್ಲಿ ಕ್ರಿಯೇಟರ್‌ಗೆ ಸಿಗುವುದು ಶೇ 55. ಅನಿಮೆ ಚಾನೆಲ್‌ಗೆ ಈ ಆದಾಯದ ಮೇಲೆ ಮಾತ್ರ ನಿಲ್ಲುವುದು ಅಪಾಯ. ಒಂದು ಕ್ಲೇಮ್ ಬಂದರೆ ಆ ವಿಡಿಯೋದ ದುಡ್ಡು ಕೈ ಬದಲಿಸುತ್ತದೆ. ಮೆಂಬರ್‌ಶಿಪ್, ಸ್ಪಾನ್ಸರ್, ಬೇರೆಯವರಿಗೆ ಎಡಿಟಿಂಗ್ ಮಾಡಿಕೊಡುವುದು, ಹೀಗೆ ಎರಡು ಮೂರು ದಾರಿ ಇಟ್ಟುಕೊಳ್ಳಿ. ಸ್ಪಾನ್ಸರ್ ಇದ್ದರೆ ಬಾಯಿಬಿಟ್ಟು ಹೇಳಿ. ನೀವು ವಿಮರ್ಶೆ ಮಾಡುವ ಅನಿಮೆ ಯಾರದೋ ಅವರಿಂದಲೇ ಆ ವಿಡಿಯೋಗೆ ದುಡ್ಡು ತೆಗೆದುಕೊಳ್ಳಬೇಡಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಕ್ಯಾಮೆರಾ, ಲೈಟ್ ಬಗ್ಗೆ ಚಿಂತೆ ಬೇಡ. ಮೈಕ್ ಚೆನ್ನಾಗಿರಲಿ, ಸಾಕು.

ಚಿಂತೆ ಮಾಡಬೇಕಾದ್ದು ಕ್ಯಾಲೆಂಡರ್ ಬಗ್ಗೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ವರ್ಷಕ್ಕೆ ನಾಲ್ಕು ಸಲ ಹೊಸ ಅನಿಮೆಗಳ ರಾಶಿ ಬಂದು ಬೀಳುತ್ತದೆ. ಒಂದೊಂದು 12, 13 ವಾರ ನಡೆಯುತ್ತದೆ. ಎಲ್ಲದರ ಹಿಂದೆ ಓಡಿದರೆ ಉಸಿರು ಕಟ್ಟುತ್ತದೆ. ಎಪಿಸೋಡ್ ಬಂದ ರಾತ್ರಿಯೇ ವಿಡಿಯೋ ಹಾಕಬೇಕು, ಇಲ್ಲದಿದ್ದರೆ ಹಳಸಿತು. ಮುಂದಿನ ಎಪಿಸೋಡ್ ಬಂದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಹೀಗೆ ಎರಡು ವರ್ಷ ಓಡಿ ಅನಿಮೆ ನೋಡುವ ಆಸೆಯನ್ನೇ ಕಳೆದುಕೊಂಡವರನ್ನು ಕಂಡಿದ್ದೇನೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಬೇಸರ ತರುವುದು ಅದು. ಸೀಸನ್ನಿಗೆ ಎರಡು ಅನಿಮೆ ಹಿಡಿಯಿರಿ, ಉಳಿದ ಸಮಯ ಬೇಗ ಹಳೆಯದಾಗದ ವಿಷಯಕ್ಕೆ ಕೊಡಿ. ಹಿನ್ನೆಲೆ ಚಿತ್ರ ಹೇಗೆ ಮಾಡುತ್ತಾರೆ, ಸೇಯೂ ಅಂದರೆ ದನಿ ಕೊಡುವ ಕಲಾವಿದರು ಹೇಗೆ ತಯಾರಾಗುತ್ತಾರೆ, "ಒಟಾಕು" ಎಂಬ ಪದ 1983ರಲ್ಲಿ ಅಭಿಮಾನಿಗಳನ್ನು ಅಣಕಿಸಲು ಶುರುವಾಗಿ ಇವತ್ತು ಜನ ತಾವಾಗಿ ಹೇಳಿಕೊಳ್ಳುವ ಹೆಸರು ಹೇಗಾಯಿತು. ಇಂಥವನ್ನು ಜನ ಮೂರು ವರ್ಷ ಬಿಟ್ಟೂ ಹುಡುಕಿಕೊಂಡು ಬಂದು ನೋಡುತ್ತಾರೆ.

ಹೋದ ವರ್ಷ ಒಬ್ಬ ಹುಡುಗಿ ಮಳೆ ಬಗ್ಗೆ ಮಾಡಿದ ವಿಡಿಯೋ ಕಳಿಸಿದಳು. ಅನಿಮೆಗಳಲ್ಲಿ ಮಳೆ. ಹದಿನೆಂಟು ನಿಮಿಷ, ತುಂಬಾ ಕ್ಲಿಪ್, ಕಡಿಮೆ ಮಾತು. ಕಣ್ಣು ಮುಚ್ಚಿ ಕೇಳಿ ಎಂದೆ. ಅವಳಿಗೆ ನೋವಾಯಿತು ಎಂದು ಗೊತ್ತಾಯಿತು, ಎರಡು ವಾರ ಉತ್ತರ ಬರಲಿಲ್ಲ. ಆಮೇಲೆ ಒಂದು ಫೈಲ್ ಬಂತು. ವಿಡಿಯೋ ಅಲ್ಲ, ಬರೀ ಆಡಿಯೋ. "ಕ್ಲಿಪ್ ಇನ್ನೂ ಹಾಕಿಲ್ಲ, ಮೊದಲು ಕೇಳಿ" ಎಂದು ಬರೆದಿದ್ದಳು. ನಡೆದುಕೊಂಡು ಹೋಗುವಾಗ ಕೇಳಿದೆ. ಒಂದು ಹನಿ ನೆಲಕ್ಕೆ ಬಿದ್ದು ಚಿಮ್ಮಲು ಎಷ್ಟು ಚಿತ್ರ ಬೇಕು, ದೂರದ ಮಳೆಗೆ ಗೆರೆ ಸಾಕು ಆದರೆ ಹತ್ತಿರದ ಮಳೆಗೆ ಯಾಕೆ ಸಾಲದು, ದನಿಯೇ ಇಲ್ಲದ ಮಳೆಯನ್ನು ನಿರ್ದೇಶಕರು ಯಾವಾಗ ಬಳಸುತ್ತಾರೆ. ಕೊನೆಗೆ ಒಂದು ಎಪಿಸೋಡಿನ ಮಳೆ ಬಗ್ಗೆ ನಾಲ್ಕು ನಿಮಿಷ ಮಾತಾಡಿದ್ದಳು.

ಆ ಎಪಿಸೋಡ್ ನಾನು ಎರಡು ಸಲ ನೋಡಿದ್ದೆ. ಅದರಲ್ಲಿ ಮಳೆ ಇತ್ತು ಅನ್ನುವುದೇ ನೆನಪಿರಲಿಲ್ಲ. ಮನೆಗೆ ಬಂದವನೇ ಅದನ್ನು ಹಾಕಿಕೊಂಡು ಕೂತೆ.