ಕೊಲ್ಲಿಯ ಸುತ್ತಲ ದಾರಿ ಇನ್ನೂ ಏಕೆ ಕೂಡಿಲ್ಲ?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ಪೂರ್ತಿ ಬಳಸಿ ಬರುವ ನಡಿಗೆ ಮತ್ತು ಸೈಕಲ್ ದಾರಿಯೊಂದು ಇರಬೇಕೆಂದು ಕ್ಯಾಲಿಫೋರ್ನಿಯಾದ ಶಾಸನಸಭೆ ತೀರ್ಮಾನಿಸಿದ್ದು 1987ರಲ್ಲಿ. ರಾಜ್ಯ ಸೆನೆಟರ್ ಬಿಲ್ ಲಾಕಿಯರ್ ಮಂಡಿಸಿದ ಮಸೂದೆ ಕಾಯ್ದೆಯಾಯಿತು. ಎರಡು ವರ್ಷಗಳಲ್ಲಿ ಯೋಜನೆಯೂ ಸಿದ್ಧವಾಯಿತು. ಒಂಬತ್ತು ಕೌಂಟಿಗಳು ಮತ್ತು 47 ನಗರಗಳನ್ನು ಹಾದುಹೋಗುವ, ಸುಮಾರು 500 ಮೈಲಿ (800 ಕಿ.ಮೀ.) ಉದ್ದದ ಈ ದಾರಿಗೆ ಬೇ ಟ್ರೇಲ್ ಎಂದು ಹೆಸರು. ಇಂದು ಇದರಲ್ಲಿ 350 ಮೈಲಿಗೂ ಹೆಚ್ಚು ಭಾಗ ಬಳಕೆಯಲ್ಲಿದೆ. ಉಳಿದ ಭಾಗ ಒಂದೇ ಕಡೆ ಇಲ್ಲದೆ ತೀರದುದ್ದಕ್ಕೂ ತುಂಡುತುಂಡಾಗಿ ಚೆದುರಿರುವುದರಿಂದ, ಹೊರಟವರು ಎಲ್ಲೋ ಒಂದೆಡೆ ಬೇಲಿಯ ಮುಂದೆ ನಿಲ್ಲಬೇಕಾಗುತ್ತದೆ, ಇಲ್ಲವೇ ಹೆದ್ದಾರಿಯ ಅಂಚಿಗೆ ಇಳಿಯಬೇಕಾಗುತ್ತದೆ.

ಈ ಚೂರುಚೂರು ಸ್ವರೂಪದ ಬೇರು ಬೇ ಟ್ರೇಲ್‌ಗಿಂತ ಹಳೆಯದು. 1960ರ ದಶಕದ ಆರಂಭದಲ್ಲಿ ಕೊಲ್ಲಿಯ ಅಂಚನ್ನು ಮಣ್ಣು, ಕಸ ಸುರಿದು ತುಂಬಿ ಹೊಸ ನೆಲ ಮಾಡಿಕೊಳ್ಳುವುದು ಅಲ್ಲಿನ ನಗರಗಳಿಗೆ ಸಹಜವಾಗಿತ್ತು. ತೀರದ ಬಹುಪಾಲು ಕಾರ್ಖಾನೆ, ಬಂದರು, ಕಸದ ಗುಡ್ಡೆ, ಸೇನಾ ನೆಲೆ ಮತ್ತು ಉಪ್ಪಿನ ಆಗರಗಳ ವಶದಲ್ಲಿದ್ದು, ಜನಸಾಮಾನ್ಯರಿಗೆ ನೀರಿನ ಬಳಿ ಸುಳಿಯಲು ಜಾಗವೇ ಇರಲಿಲ್ಲ. 1961ರಲ್ಲಿ ಕೇ ಕೆರ್, ಸಿಲ್ವಿಯಾ ಮೆಕ್ಲಾಫ್ಲಿನ್ ಮತ್ತು ಎಸ್ತರ್ ಗುಲಿಕ್ ಎಂಬ ಮೂವರು ಮಹಿಳೆಯರು ಆರಂಭಿಸಿದ ಕೊಲ್ಲಿ ಉಳಿಸಿ ಚಳವಳಿಯ ಒತ್ತಡದಿಂದ 1965ರಲ್ಲಿ ಕೊಲ್ಲಿ ಸಂರಕ್ಷಣಾ ಮತ್ತು ಅಭಿವೃದ್ಧಿ ಆಯೋಗ ಹುಟ್ಟಿತು. ತೀರದಿಂದ 100 ಅಡಿ ಒಳಗಿನವರೆಗೆ ಏನನ್ನೇ ಕಟ್ಟಬೇಕಾದರೂ ಆಯೋಗದ ಅನುಮತಿ ಬೇಕು. ಅನುಮತಿ ಪಡೆಯುವವರು ಸಾರ್ವಜನಿಕರಿಗೆ ಸಾಧ್ಯವಾದಷ್ಟೂ ಪ್ರವೇಶ ಬಿಡಬೇಕು. ಈ ಒಂದು ಷರತ್ತು ಬಹಳ ಕೆಲಸ ಮಾಡಿತು. ಆದರೆ ಅದರ ಮಿತಿಯೂ ಅದರಲ್ಲೇ ಇತ್ತು: ಹೊಸ ಹೋಟೆಲೋ ಕಚೇರಿ ಸಂಕೀರ್ಣವೋ ಎದ್ದ ಕಡೆ ಅದರ ಮುಂದೆ ಅಂದವಾದ ಕಾಲುದಾರಿ ಬಂತು, ಪಕ್ಕದ ಹಳೆಯ ಗೋದಾಮಿನವರು ಏನನ್ನೂ ಕಟ್ಟದಿದ್ದರೆ ದಾರಿ ಅಲ್ಲಿಗೇ ನಿಂತಿತು.

1987ರ ಕಾಯ್ದೆ ಈ ಚೂರುಗಳಿಗೆ ಒಂದು ಎಳೆ ಒದಗಿಸಿತು, ಬಲ ಒದಗಿಸಲಿಲ್ಲ. ಯೋಜನೆ ರೂಪಿಸಿದ, ಕೊಲ್ಲಿ ಪ್ರದೇಶದ ಸ್ಥಳೀಯ ಆಡಳಿತಗಳ ಒಕ್ಕೂಟಕ್ಕೆ ಯಾರ ಜಮೀನಿನ ಮೇಲೂ ಹಕ್ಕಿರಲಿಲ್ಲ. ದಾರಿ ಕಟ್ಟಬೇಕಾದವರು ಆಯಾ ನಗರಸಭೆ, ಕೌಂಟಿ ಮತ್ತು ಉದ್ಯಾನ ಮಂಡಳಿಗಳು. ಬಲವಂತವಿಲ್ಲದ ಕಾರಣಕ್ಕೇ ಇಷ್ಟೊಂದು ನಗರಗಳು ಯೋಜನೆಯನ್ನು ಒಪ್ಪಿದ್ದಿರಬೇಕು. ಸುಲಭವಾದ ತುಂಡುಗಳು ಮೊದಲು ಮುಗಿದವು, ಒಪ್ಪದ ಮಾಲೀಕರು ಕೊನೆಗೆ ಉಳಿದರು.

ಕೊನೆಗೆ ಉಳಿದ ತುಂಡು ಎಷ್ಟು ಚಿಕ್ಕದಿರಬಹುದು ಎಂಬುದಕ್ಕೆ ಈಸ್ಟ್ ಪಾಲೊ ಆಲ್ಟೊ ಬಳಿಯ ರೇವನ್ಸ್‌ವುಡ್ ಭಾಗವೇ ಸಾಕ್ಷಿ. ಅಲ್ಲಿ ಬೇಕಿದ್ದದ್ದು 0.6 ಮೈಲಿ, ಅಂದರೆ ಒಂದು ಕಿಲೋಮೀಟರಿನಷ್ಟು ದಾರಿ. ಜೌಗಿನ ನಡುವೆ ಹಾದುಹೋಗಬೇಕಾದ ಅಷ್ಟು ಉದ್ದಕ್ಕೆ ಹಲವು ಸಂಸ್ಥೆಗಳ ಒಪ್ಪಿಗೆ ಬೇಕಾಗಿ, ಅದು ತೆರೆದದ್ದು 2020ರಲ್ಲಿ. ತೆರೆದ ಕೂಡಲೇ 80 ಮೈಲಿ ದಾರಿ ಒಂದಾಯಿತು. ಶೇಕಡಾವಾರು ಲೆಕ್ಕದಲ್ಲಿ ಆ ತುಂಡಿನ ಪಾಲು ಶೂನ್ಯಕ್ಕೆ ಹತ್ತಿರ. ಇಂಥ ಯೋಜನೆಗಳ ಪ್ರಗತಿಯನ್ನು ಮುಗಿದ ಮೈಲಿಗಳಲ್ಲಿ ಅಳೆಯುವ ರೂಢಿ ಇದರಿಂದಲೇ ದಾರಿ ತಪ್ಪಿಸುವಂಥದ್ದು; ತಡೆಯಿಲ್ಲದೆ ಎಷ್ಟು ದೂರ ಹೋಗಬಹುದು ಎಂಬ ಲೆಕ್ಕ ಹೆಚ್ಚು ಪ್ರಾಮಾಣಿಕವಾದುದು. ಅದೇ 2020ರಲ್ಲಿ, ಕೊಲ್ಲಿಯ ಪೂರ್ವ ದಡದ ಆಲ್ಬನಿಯಲ್ಲಿ ಗೋಲ್ಡನ್ ಗೇಟ್ ಫೀಲ್ಡ್ಸ್ ಕುದುರೆ ರೇಸ್ ಮೈದಾನದ ಹಿಂಬದಿಯ ತುಂಡೂ ತೆರೆಯಿತು. ಅಲ್ಲಿ ಉದ್ಯಾನ ಮಂಡಳಿ ಕಡ್ಡಾಯ ಭೂಸ್ವಾಧೀನದ ಮೊರೆ ಹೋಗಬೇಕಾಗಿತ್ತು.

ಎಲ್ಲ ಅಡ್ಡಿಗಳೂ ಮಾಲೀಕರದಲ್ಲ. ಜೌಗು ನೆಲದಲ್ಲಿ ರಿಡ್ಜ್‌ವೇ ರೇಲ್ ಹಕ್ಕಿ ಮತ್ತು ಉಪ್ಪುಜೌಗಿನ ಇಲಿಯಂಥ ಅಳಿವಿನಂಚಿನ ಜೀವಿಗಳಿವೆ. ಸೂಕ್ಷ್ಮ ಪರಿಸರಕ್ಕೆ ಧಕ್ಕೆಯಾಗದಂತೆ ದಾರಿ ಸಾಗಬೇಕೆಂದು ಮೂಲ ಯೋಜನೆಯೇ ಹೇಳಿರುವುದರಿಂದ, ಕೆಲವೆಡೆ ದಾರಿ ನೀರಿನಿಂದ ದೂರ ಸರಿಯುವುದೇ ನ್ಯಾಯ. 2003ರಲ್ಲಿ ಕಾರ್ಗಿಲ್ ಕಂಪನಿಯ 16,500 ಎಕರೆ ಉಪ್ಪಿನ ಆಗರಗಳು ಸರ್ಕಾರದ ಕೈಸೇರಿದಾಗ ಈ ಎರಡು ಆಸೆಗಳೂ ಎದುರುಬದುರಾದವು: ಆಗರದ ಒಡ್ಡುಗಳು ನಡೆಯಲು ಸಿದ್ಧವಾಗಿದ್ದ ದಾರಿಗಳಾಗಿದ್ದವು, ಜೌಗು ಮರಳಬೇಕಾದರೆ ಅವುಗಳಲ್ಲಿ ಕೆಲವನ್ನು ಒಡೆಯಬೇಕಿತ್ತು.

ಸೇತುವೆಗಳದು ಬೇರೆಯೇ ಜಗಳ. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಓಕ್ಲೆಂಡ್ ನಗರಗಳನ್ನು ಜೋಡಿಸುವ ಬೇ ಬ್ರಿಜ್‌ನ ಪೂರ್ವಾರ್ಧದಲ್ಲಿ 2013ರಿಂದ ದಾರಿಯಿದೆ, ಪಶ್ಚಿಮಾರ್ಧದಲ್ಲಿ ಇಲ್ಲ. ಓಕ್ಲೆಂಡ್ ಕಡೆಯಿಂದ ಹೊರಟವರು ನಡುವಿನ ಯೆರ್ಬಾ ಬ್ಯೂನಾ ದ್ವೀಪದಿಂದ ಹಿಂದಿರುಗಬೇಕು. ರಿಚ್‌ಮಂಡ್–ಸ್ಯಾನ್ ರಫೇಲ್ ಸೇತುವೆಯ ಮೇಲುಸ್ತರದಲ್ಲಿ 2019ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ತೆರೆದ ದಾರಿ ಕಾರಿನವರ ಅಸಮಾಧಾನಕ್ಕೆ ಗುರಿಯಾಗಿ, ಕೆಲಸದ ದಿನಗಳಲ್ಲಿ ಅದನ್ನು ಬಹುತೇಕ ಮುಚ್ಚಿ ವಾರಾಂತ್ಯದಲ್ಲಿ ತೆರೆದಿಡಲು 2025ರಲ್ಲಿ ಒಪ್ಪಿಗೆ ದೊರೆಯಿತು. ಕೂಡಿದ ದಾರಿಯೂ ಮತ್ತೆ ತುಂಡಾಗಬಹುದು ಎಂಬುದು ಇಲ್ಲಿ ಮೊದಲ ಸಲ ಸ್ಪಷ್ಟವಾಯಿತು ಎನ್ನಬಹುದು.

ಹಣದ ವಿಷಯದಲ್ಲಿ 2018ರಲ್ಲಿ ಮತದಾರರು ಸೇತುವೆ ಟೋಲ್ ಏರಿಕೆಗೆ ಒಪ್ಪಿ, ಅದರಿಂದ ಬೇ ಟ್ರೇಲ್ ಮತ್ತು ಸಾರ್ವಜನಿಕ ಸಾರಿಗೆ ತಲುಪುವ ಸುರಕ್ಷಿತ ದಾರಿಗಳಿಗೆ 15 ಕೋಟಿ ಡಾಲರ್ ಮೀಸಲಾಯಿತು. ನ್ಯಾಯಾಲಯದ ವ್ಯಾಜ್ಯ 2023ರಲ್ಲಿ ಮುಗಿಯುವವರೆಗೆ ಆ ಹಣ ಕೈಗೆ ಬರಲಿಲ್ಲ.

ಇದೀಗ ಸಮುದ್ರಮಟ್ಟದ ಏರಿಕೆ ಇಡೀ ಲೆಕ್ಕವನ್ನು ಬದಲಿಸುತ್ತಿದೆ, ಏಕೆಂದರೆ ಮುಗಿದ ದಾರಿಯ ಎಷ್ಟೋ ಭಾಗ ತಗ್ಗು ಒಡ್ಡುಗಳ ಮೇಲಿದೆ. 2023ರ ರಾಜ್ಯ ಕಾಯ್ದೆಯಂತೆ ತೀರದ ಸ್ಥಳೀಯ ಆಡಳಿತಗಳು 2034ರೊಳಗೆ ಇದಕ್ಕೆ ಹೊಂದಿಕೊಳ್ಳುವ ಯೋಜನೆಗಳನ್ನು ಸಿದ್ಧಪಡಿಸಬೇಕು. ಎತ್ತರಿಸುವ ಒಡ್ಡಿನ ಮೇಲೆ ದಾರಿಗೆ ಎಷ್ಟು ಅಗಲ ಬಿಡಬೇಕು, ಬಿಡುವುದೋ ಬೇಡವೋ ಎಂಬುದು ಆ ಯೋಜನೆಗಳಲ್ಲೇ ನಿರ್ಧಾರವಾಗಬೇಕಿದೆ.